ಒಣಗಿದ ಕೂದಲಿಗೆ ಎಣ್ಣೆಯೋ, ಸಿಲಿಕೋನೋ?

ಇಬ್ಬರಿಗೆ ಒಬ್ಬರನ್ನೊಬ್ಬರು ಕಂಡರಾಗದು ಎಂಬುದನ್ನು ‘ಅವರದು ಎಣ್ಣೆ ಸೀಗೆಕಾಯಿ’ ಎಂದು ಹೇಳುವುದು ನಮ್ಮಲ್ಲಿ ವಾಡಿಕೆ. ಈಗ ಪಟ್ಟಣದ ಮನೆಗಳಲ್ಲಿ ಸೀಗೆಕಾಯಿಯ ಬಳಕೆ ಕಡಿಮೆಯಾಗಿದೆ. ಆದರೆ ಎಣ್ಣೆಗೆ ಹೊಸ ಎದುರಾಳಿಯೊಂದು ಹುಟ್ಟಿಕೊಂಡಿದೆ. ಅದರ ಹೆಸರು ಸಿಲಿಕೋನು.

ಯಾವುದಾದರೊಂದು ಮನೆಯನ್ನು ಊಹಿಸಿಕೊಳ್ಳಿ. ಭಾನುವಾರ ಬೆಳಗ್ಗೆ ಅಜ್ಜಿ ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ಕೂತಿದ್ದಾರೆ. ‘ನಿನ್ನ ಕೂದಲು ತೆಂಗಿನ ನಾರಿನ ಹಾಗಾಗಿದೆಯಲ್ಲೇ! ವಾರಕ್ಕೊಂದು ಸಲ ಎಣ್ಣೆ ಹಚ್ಚಿಸಿಕೋ ಎಂದರೆ ಕೇಳುವುದಿಲ್ಲ’ ಎಂದು ಅವರ ದೂರು. ‘ಎಣ್ಣೆ ಬರೀ ಜಿಡ್ಡು, ಅಜ್ಜಿ. ಈ ಸೀರಂ ಎರಡು ತೊಟ್ಟು ಹಚ್ಚಿದರೆ ಸಾಕು, ರೇಷ್ಮೆಯ ಹಾಗಾಗುತ್ತದೆ’ ಎಂದು ಮೊಮ್ಮಗಳ ಉತ್ತರ. ‘ಅದು ಕೂದಲಿಗೆ ಉಸಿರು ಕಟ್ಟಿಸುತ್ತದಂತೆ’ ಎಂದು ಅಜ್ಜಿ. ‘ಎಣ್ಣೆ ಹಚ್ಚಿದವರ ಕೂದಲೂ ಉದುರುವುದಿಲ್ಲವೆ?’ ಎಂದು ಮೊಮ್ಮಗಳು. ನಡುವೆ ಸಿಕ್ಕಿಕೊಂಡ ತಾಯಿಗೆ ಯಾರ ಮಾತು ನಿಜವೆಂದು ತಿಳಿಯದು. ಈ ವಾದ ನಡೆಯುತ್ತಿರುವಾಗಲೇ ಹುಡುಗಿಯ ಜಡೆ ಇಲಿಬಾಲದಂತೆ ಸಣ್ಣಗಾಗುತ್ತ ಬಂದಿದೆ.

ಇದು ಬರಿಯ ಸೊಬಗಿನ ಪ್ರಶ್ನೆಯಲ್ಲ. ‘ಹಾಳಾದ ಕೂದಲನ್ನು ಸರಿಪಡಿಸುತ್ತದೆ’, ‘ಬೇರಿನಿಂದ ಪೋಷಿಸುತ್ತದೆ’ ಎಂಬ ಮಾತುಗಳನ್ನು ನಂಬಿ ಸಂಬಳದ ಹಣವನ್ನು ಶೀಶೆಗಳಿಗೆ ಸುರಿಯುವವರು ಅನೇಕರು. ಮೈಯೊಳಗೆ ಬೇರೆ ಕಾಯಿಲೆಯಿದ್ದು ಕೂದಲು ಉದುರುತ್ತಿರುವಾಗ, ಎಣ್ಣೆ ಬದಲಿಸುವುದರಲ್ಲೇ ತಿಂಗಳುಗಳನ್ನು ಕಳೆಯುವವರೂ ಉಂಟು. ಆದ್ದರಿಂದ ಎಣ್ಣೆಯ ಕೆಲಸವೇನು, ಸಿಲಿಕೋನಿನ ಕೆಲಸವೇನು, ಇವೆರಡರ ಕೈಯಲ್ಲೂ ಆಗದ ಕೆಲಸ ಯಾವುದು ಎಂಬುದನ್ನು ಸ್ವಲ್ಪ ವಿಚಾರಮಾಡೋಣ.

ಮೊದಲು ಕೂದಲೆಂದರೆ ಏನೆಂಬುದನ್ನು ತಿಳಿಯಬೇಕು. ಕೂದಲು ಹುಟ್ಟುವುದು ತಲೆಯ ಚರ್ಮದೊಳಗಿನ ಒಂದು ಸಣ್ಣ ಗುಳಿಯಲ್ಲಿ. ಅಲ್ಲಿ ಮಾತ್ರ ಅದಕ್ಕೆ ಜೀವವುಂಟು. ಚರ್ಮದಿಂದ ಹೊರಕ್ಕೆ ಬರುವ ಹೊತ್ತಿಗೆ ಅದರ ಜೀವಕೋಶಗಳೆಲ್ಲ ಸತ್ತು, ಕೆರಾಟಿನ್ ಎಂಬ ಗಟ್ಟಿ ಪ್ರೋಟೀನಿನ ಎಳೆಯಾಗಿರುತ್ತದೆ. ನಮ್ಮ ಉಗುರಿನಲ್ಲಿಯೂ ಹಸುವಿನ ಕೊಂಬಿನ ಹೊರಕವಚದಲ್ಲಿಯೂ ಇರುವುದು ಇದೇ ಜಾತಿಯ ವಸ್ತು. ಕತ್ತರಿಸಿದರೆ ನೋವಾಗದಿರುವುದು ಇದರಿಂದಲೇ. ಜೀವವಿಲ್ಲದ್ದಕ್ಕೆ ಆಹಾರ ಬೇಡ, ಉಸಿರೂ ಬೇಡ. ಹಾಗೆಯೇ, ಬೆರಳಿನ ಗಾಯ ಮಾಯುವಂತೆ ಹರಿದ ಕೂದಲು ಮಾಯುವುದೂ ಇಲ್ಲ. ಈ ಒಂದು ಮಾತು ಮನಸ್ಸಿನಲ್ಲಿ ನಿಂತರೆ ಅಜ್ಜಿ ಮೊಮ್ಮಗಳ ಜಗಳ ಅರ್ಧ ತೀರಿದಂತೆ. ಎಣ್ಣೆ ಕೂದಲಿಗೆ ಊಟವಲ್ಲ. ಸಿಲಿಕೋನು ಅದರ ಕತ್ತು ಹಿಸುಕುವುದೂ ಇಲ್ಲ.

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೂದಲಿನ ಮೈ ಮಂಗಳೂರು ಹೆಂಚು ಹೊದಿಸಿದ ಮಾಡಿನಂತೆ ಕಾಣುತ್ತದೆ. ತೆಳುವಾದ ಹುರುಪೆಗಳು ಒಂದರ ಮೇಲೊಂದು ಜೋಡಿಸಿಕೊಂಡು, ಬುಡದಿಂದ ತುದಿಯ ಕಡೆಗೆ ಮುಖಮಾಡಿ ಮಲಗಿರುತ್ತವೆ. ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಉದುರಿದ ಒಂದು ಕೂದಲನ್ನು ಎರಡು ಬೆರಳುಗಳ ನಡುವೆ ಹಿಡಿದು ಬುಡದಿಂದ ತುದಿಗೆ ಎಳೆಯಿರಿ, ನುಣುಪಾಗಿ ಜಾರುತ್ತದೆ. ತುದಿಯಿಂದ ಬುಡಕ್ಕೆ ಎಳೆಯಿರಿ, ತಡೆದಂತಾಗುತ್ತದೆ. ಹುರುಪೆಗಳ ಅಂಚು ಬೆರಳಿಗೆ ಎದುರಾಗುವುದೇ ಇದಕ್ಕೆ ಕಾರಣ. ಈ ಹೆಂಚುಗಳ ಕೆಳಗೆ ಕೂದಲಿಗೆ ಬಲ ಕೊಡುವ ನಾರುಗಳ ಕಟ್ಟು ಇದೆ. ಹೆಂಚಿನ ಮೇಲುಗಡೆ ಕಣ್ಣಿಗೆ ಕಾಣದಷ್ಟು ತೆಳುವಾದ ಮೇದಸ್ಸಿನ ಲೇಪವೊಂದು ಹುಟ್ಟಿನಿಂದಲೇ ಇರುತ್ತದೆ. ಆರೋಗ್ಯವಾದ ಕೂದಲಿನ ಮೇಲೆ ನೀರು ಸುಲಭವಾಗಿ ಹರಡದೆ ಜಾರುವುದು ಈ ಲೇಪದಿಂದ.

ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರು ಬೆಳೆಯುತ್ತದೆ. ಹಾಗಾದರೆ 60 ಸೆಂಟಿಮೀಟರು ಉದ್ದದ ಜಡೆಯ ತುದಿಗೆ ಐದು ವರ್ಷ ವಯಸ್ಸು. ಅದು ಐದು ಬೇಸಿಗೆಯ ಬಿಸಿಲು, ಐದು ದೀಪಾವಳಿಯ ಎಣ್ಣೆನೀರು, ನೂರಾರು ಸ್ನಾನ, ಸಾವಿರಾರು ಬಾಚುವಿಕೆಗಳನ್ನು ಕಂಡಿದೆ. ಐದು ವರ್ಷ ಉಟ್ಟ ಹತ್ತಿಯ ಸೀರೆಯ ಅಂಚು ಹೇಗಿರುತ್ತದೆ ಎಂಬುದು ಗೃಹಿಣಿಯರಿಗೆ ಗೊತ್ತು. ತುದಿ ಒಣಗಿ ಸೀಳುವುದು ರೋಗವಲ್ಲ, ಸವೆತ. ಸವೆತವನ್ನು ನಿಧಾನಗೊಳಿಸುವುದಷ್ಟೇ ನಮ್ಮ ಕೈಯಲ್ಲಿರುವುದು.

ಈ ಸವೆತಕ್ಕೆ ಮೊದಲ ಕಾರಣ, ಕೇಳಿದರೆ ಆಶ್ಚರ್ಯವಾದೀತು, ನೀರು. ನೆನೆದ ಕೂದಲು ನೀರನ್ನು ಹೀರಿ ಊದಿಕೊಳ್ಳುತ್ತದೆ. ಅದರ ದಪ್ಪ ನೂರಕ್ಕೆ ಸುಮಾರು 15ರಷ್ಟು ಹೆಚ್ಚುತ್ತದೆ. ಆರಿದಾಗ ಮತ್ತೆ ಕುಗ್ಗುತ್ತದೆ. ಹೀಗೆ ಊದುವುದು ಕುಗ್ಗುವುದು ನೂರಾರು ಸಲ ನಡೆದಾಗ ಹೆಂಚುಗಳು ಸಡಿಲವಾಗಿ ಏಳುತ್ತವೆ. ಆಗ ಬಟ್ಟೆಯಿಂದ ತಿಕ್ಕಿ ಒರಸಿದರೆ, ಸಣ್ಣ ಹಲ್ಲಿನ ಬಾಚಣಿಗೆ ಹಾಕಿ ಎಳೆದರೆ, ಅವು ಕಿತ್ತು ಬರುತ್ತವೆ. ಕ್ಷಾರವಾದ ಬಟ್ಟೆ ಸಾಬೂನು ಕೂದಲನ್ನು ಇನ್ನಷ್ಟು ಊದಿಸುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಸಾಬೂನು ನೊರೆ ಕಟ್ಟದೆ, ಕಸರಿನಂತೆ ಕೂದಲಿಗೆ ಅಂಟಿಕೊಂಡು ಅದನ್ನು ಬಿರುಸು ಮಾಡುತ್ತದೆ. ಇವೆಲ್ಲಕ್ಕಿಂತ ಕಠಿನವಾದವು ಎರಡು. ಒಂದು, ಕಪ್ಪು ಬಣ್ಣವನ್ನು ತೆಗೆದು ಹೊಂಬಣ್ಣ ಬರಿಸುವ ರಾಸಾಯನಿಕ. ಅದು ಹುಟ್ಟುಲೇಪವನ್ನೇ ಕಿತ್ತುಹಾಕುತ್ತದೆ. ಇನ್ನೊಂದು, ಕೂದಲನ್ನು ನೆಟ್ಟಗೆ ಮಾಡುವ ಬಿಸಿ ಇಸ್ತ್ರಿ. ಅದರ ಶಾಖ 200 ಡಿಗ್ರಿ ಸೆಂಟಿಗ್ರೇಡನ್ನು ಮೀರುವುದುಂಟು. ನೀರು ಕುದಿಯುವುದೇ 100 ಡಿಗ್ರಿಗೆ. ಹಸಿ ಕೂದಲಿನ ಮೇಲೆ ಇಸ್ತ್ರಿ ಎಳೆದರೆ ಒಳಗಿನ ನೀರು ಆವಿಯಾಗಿ ಉಕ್ಕಿ, ಎಳೆಯೊಳಗೇ ಗುಳ್ಳೆಗಳೇಳುತ್ತವೆ. ಅಂಥ ಜಾಗದಲ್ಲಿ ಕೂದಲು ಮುರಿಯದೆ ಉಳಿಯುವುದಿಲ್ಲ.

ಈಗ ಅಜ್ಜಿಯ ಬಟ್ಟಲಿಗೆ ಬರೋಣ. ಎಣ್ಣೆಗಳೆಲ್ಲ ಒಂದೇ ಅಲ್ಲ. ಮುಂಬಯಿಯಲ್ಲಿ ಆರತಿ ರೇಲೆ ಮತ್ತು ಆರ್. ಬಿ. ಮೋಹಿಲೆ ಎಂಬ ಸಂಶೋಧಕರು ಈ ವಿಷಯವನ್ನು ಪರೀಕ್ಷಿಸಿ 1999ರಲ್ಲಿಯೂ 2003ರಲ್ಲಿಯೂ ಲೇಖನಗಳನ್ನು ಪ್ರಕಟಿಸಿದರು. ಎರಡನೆಯದರಲ್ಲಿ ಅವರು ಹೋಲಿಸಿ ನೋಡಿದ್ದು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ಎಣ್ಣೆ. ತೊಳೆಯುವಾಗ, ಬಾಚುವಾಗ ಕೂದಲಿನಿಂದ ಸೋರಿಹೋಗುವ ಪ್ರೋಟೀನನ್ನು ಗಮನಾರ್ಹವಾಗಿ ಕಡಿಮೆ ಮಾಡಿದ್ದು ಮೂರರಲ್ಲಿ ಕೊಬ್ಬರಿ ಎಣ್ಣೆಯೊಂದೇ. ಒಳ್ಳೆಯ ಕೂದಲಿನಲ್ಲಿಯೂ ಹಾಳಾದ ಕೂದಲಿನಲ್ಲಿಯೂ ಇದೇ ಫಲ ಕಂಡಿತು. ಈ ಸಂಶೋಧಕರು ಕೆಲಸಮಾಡುತ್ತಿದ್ದುದು ಕೊಬ್ಬರಿ ಎಣ್ಣೆ ಮಾರುವ ಸಂಸ್ಥೆಯಲ್ಲಿ ಎಂಬುದನ್ನೂ ಓದುಗರು ತಿಳಿದಿರುವುದು ನ್ಯಾಯ. ಆದರೆ ಇದಕ್ಕೆ ಕಾರಣವೂ ತಿಳಿದುಬಂದಿದೆ. ಕೊಬ್ಬರಿ ಎಣ್ಣೆಯ ಮೇದಾಮ್ಲಗಳಲ್ಲಿ ಸುಮಾರು ಅರ್ಧದಷ್ಟು ಲಾರಿಕ್ ಆಮ್ಲ. ಅದರ ಅಣು ಚಿಕ್ಕದು, ನೆಟ್ಟಗಿನದು, ಪ್ರೋಟೀನಿನ ಮೇಲೆ ಒಲವುಳ್ಳದ್ದು. ಆದ್ದರಿಂದ ಅದು ಹೆಂಚಿನ ಸಂದಿಗಳಲ್ಲಿ ಒಳಕ್ಕೆ ಇಳಿಯುತ್ತದೆ. ಸೂರ್ಯಕಾಂತಿ ಎಣ್ಣೆಯ ಅಣು ದೊಡ್ಡದು, ಬಾಗಿದ್ದು. ಖನಿಜ ಎಣ್ಣೆಗೆ ಪ್ರೋಟೀನಿನ ನಂಟೇ ಇಲ್ಲ. ಅವು ಮೇಲೆಯೇ ನಿಲ್ಲುತ್ತವೆ.

ಒಳಗಿಳಿದ ಎಣ್ಣೆ ಏನು ಮಾಡುತ್ತದೆ? ನೀರು ನುಗ್ಗುವುದನ್ನು ತಡೆಯುತ್ತದೆ. ಕೂದಲು ಕಡಿಮೆ ಊದುತ್ತದೆ. ಹೆಂಚು ಕಡಿಮೆ ಏಳುತ್ತದೆ. ಇದರಿಂದ ಒಂದು ಮುಖ್ಯ ವಿಷಯ ಹೊರಡುತ್ತದೆ. ಕೊಬ್ಬರಿ ಎಣ್ಣೆಗೆ ತಕ್ಕ ಕಾಲ ಸ್ನಾನಕ್ಕೆ ಮುಂಚೆ. ನೀರಿನ ಪೆಟ್ಟು ಬೀಳುವ ಮೊದಲೇ ಕವಚ ತೊಡಿಸಿದಂತೆ ಅದು. ಎಣ್ಣೆ ಹಚ್ಚಿ ನೀರು ಹಾಕುವ ನಮ್ಮ ಹಿರಿಯರ ಕ್ರಮದಲ್ಲಿ ಈ ತಿಳಿವಳಿಕೆ ಅಡಗಿತ್ತು ಎನ್ನಬೇಕು. ಒಂದೆರಡು ಗಂಟೆ ಮೊದಲು, ಅಥವಾ ಹಿಂದಿನ ರಾತ್ರಿ, ಎರಡು ಟೀ ಚಮಚದಷ್ಟು ಎಣ್ಣೆಯನ್ನು ಜಡೆಯ ನಡುವಿನಿಂದ ತುದಿಯವರೆಗೆ ಸವರಿದರೆ ಸಾಕು. ಹೆಚ್ಚು ಸುರಿದರೆ ಹೆಚ್ಚು ಫಲವೇನೂ ಇಲ್ಲ. ಅದನ್ನು ತೆಗೆಯಲು ಹೆಚ್ಚು ಷಾಂಪೂ ಬೇಕಾಗಿ, ಕೊಟ್ಟ ಲಾಭವನ್ನು ಹಿಂದಕ್ಕೆ ಕಸಿದುಕೊಂಡಂತಾಗುತ್ತದೆ.

ಇಲ್ಲಿ ಅಜ್ಜಿಯರಿಗೂ ಒಂದೆರಡು ಮಾತು ಹೇಳಬೇಕು. ತಲೆಯಲ್ಲಿ ಹೊಟ್ಟು ಇದ್ದವರಿಗೆ ನೆತ್ತಿಗೆ ಎಣ್ಣೆ ತಟ್ಟುವುದು ಒಳ್ಳೆಯದಲ್ಲ. ಹೊಟ್ಟಿಗೆ ಕಾರಣವಾಗುವ ಸೂಕ್ಷ್ಮಜೀವಿ ಚರ್ಮದ ಮೇಲಿನ ಜಿಡ್ಡನ್ನೇ ತಿಂದು ಬೆಳೆಯುತ್ತದೆ. ನಾವು ಎಣ್ಣೆ ಹಚ್ಚಿ ಅದಕ್ಕೆ ಔತಣವಿಟ್ಟಂತಾಗುತ್ತದೆ. ಹರಳೆಣ್ಣೆ ತುಂಬ ಮಂದ. ಸಿಕ್ಕುಗಟ್ಟಿದ ಉದ್ದ ಕೂದಲಿಗೆ ಅದನ್ನೊಂದನ್ನೇ ಹಚ್ಚಿ ತಿಕ್ಕಿದರೆ ಸಿಕ್ಕು ಬಿಗಿಯುವುದೇ ಹೆಚ್ಚು. ಅಂಗಡಿಯಿಂದ ತರುವ ‘ಬಾದಾಮಿ ಎಣ್ಣೆ’, ‘ನೆಲ್ಲಿಕಾಯಿ ಎಣ್ಣೆ’ಗಳ ಚೀಟಿಯನ್ನೂ ಓದಿ ನೋಡಬೇಕು. ಹಲವದರಲ್ಲಿ ಮೊದಲ ಹೆಸರು ಖನಿಜ ಎಣ್ಣೆಯದೇ ಆಗಿದ್ದು, ಬಾದಾಮಿಯೋ ನೆಲ್ಲಿಯೋ ಬಹಳ ಕೆಳಗಿರುತ್ತದೆ. ಖನಿಜ ಎಣ್ಣೆ ವಿಷವಲ್ಲ, ಕೂದಲಿಗೆ ಜಾರುವಿಕೆ ಕೊಡುತ್ತದೆ. ಆದರೆ ಬಾದಾಮಿಯ ಬೆಲೆ ತೆರುವ ಮೊದಲು ಕೊಳ್ಳುತ್ತಿರುವುದು ಏನೆಂಬುದು ತಿಳಿದಿರಲಿ.

ಇನ್ನು ಮೊಮ್ಮಗಳ ಶೀಶೆ. ಸಿಲಿಕೋನಿನ ಮೂಲ ಹುಡುಕಿದರೆ ಮರಳಿಗೆ ಹೋಗಿ ಮುಟ್ಟುತ್ತೇವೆ. ಬೆಣಚು ಮರಳಿನಲ್ಲಿರುವ ಸಿಲಿಕಾನ್ ಎಂಬ ಮೂಲವಸ್ತುವನ್ನು ಆಮ್ಲಜನಕದೊಡನೆ ಸರಪಳಿಯಾಗಿ ಪೋಣಿಸಿ, ಪಕ್ಕದಲ್ಲಿ ಇಂಗಾಲದ ಚಿಕ್ಕ ಗುಂಪುಗಳನ್ನು ತೂಗುಹಾಕಿದರೆ ಸಿಲಿಕೋನು. ಇದಕ್ಕೆ ಈ ಹೆಸರಿಟ್ಟವರು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಫ್ರೆಡರಿಕ್ ಕಿಪ್ಪಿಂಗ್. ಇಪ್ಪತ್ತನೆಯ ಶತಮಾನದ ಆರಂಭದಿಂದ ದಶಕಗಳ ಕಾಲ ಇದರ ಬಗ್ಗೆ ದುಡಿದ ಅವರಿಗೇ, ಈ ಅಂಟಂಟಾದ ವಸ್ತುಗಳಿಂದ ಲೋಕಕ್ಕೆ ಉಪಯೋಗವಾದೀತೆಂಬ ಭರವಸೆ ಹೆಚ್ಚು ಇರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಎಂಜಿನುಗಳ ವಿದ್ಯುತ್ ಜೋಡಣೆಗೆ ತೇವ ತಗಲದಂತೆ ಮುಚ್ಚಲು ಇದು ಬಳಕೆಗೆ ಬಂತು. ಆಮೇಲೆ ಕ್ರಮವಾಗಿ ಸೌಂದರ್ಯಸಾಧನಗಳಿಗೂ ಹೊಕ್ಕಿತು. ತೊಳೆಯುವ ಷಾಂಪೂವಿನಲ್ಲಿಯೇ ಸಿಲಿಕೋನು ಸೇರಿಸಿದ ‘ಎರಡೂ ಒಂದರಲ್ಲಿ’ ಎಂಬ ಬಗೆ ಅಮೆರಿಕದಲ್ಲಿ ಜನಪ್ರಿಯವಾದದ್ದು 1987ರಿಂದ ಈಚೆಗೆ.

ಸಿಲಿಕೋನು ಕೂದಲಿನ ಒಳಕ್ಕೆ ಇಳಿಯುವುದಿಲ್ಲ. ಎದ್ದ ಹೆಂಚುಗಳ ಮೇಲೆ ತೆಳುವಾದ ಪೊರೆಯಾಗಿ ಹರಡಿ, ಒಂದು ಕೂದಲು ಇನ್ನೊಂದಕ್ಕೆ ಉಜ್ಜುವುದನ್ನು ತಪ್ಪಿಸುತ್ತದೆ. ಬಾಚಣಿಗೆ ಸರಾಗವಾಗಿ ಹಾಯುತ್ತದೆ. ಬೆಳಕು ಚೆಲ್ಲಾಪಿಲ್ಲಿಯಾಗದೆ ಮರಳಿ ಬರುವುದರಿಂದ ಹೊಳಪು ಕಾಣುತ್ತದೆ. ಇದನ್ನು ‘ಬರಿಯ ಮೇಲುಹೊದಿಕೆ’ ಎಂದು ಹೀಗಳೆಯುವವರುಂಟು. ಮೇಲುಹೊದಿಕೆಯೆಂಬುದು ನಿಜ; ಬರಿಯದೆಂಬುದು ನಿಜವಲ್ಲ. ಒಣಗೂದಲು ಮುರಿಯುವುದು ಹೆಚ್ಚಾಗಿ ಸಿಕ್ಕು ಬಿಡಿಸುವಾಗ. ಸಿಕ್ಕು ಕಡಿಮೆಯಾದರೆ ಮುರಿಯುವುದೂ ಕಡಿಮೆ. ಬಿಸಿ ಇಸ್ತ್ರಿಯ ಪೆಟ್ಟನ್ನೂ ಈ ಪೊರೆ ಒಂದಿಷ್ಟು ತಗ್ಗಿಸುತ್ತದೆ, ಪೂರ್ತಿಯಾಗಿ ಅಲ್ಲ.

ಶೀಶೆಯ ಚೀಟಿಯಲ್ಲಿ ಹೆಸರುಗಳು ‘ಕೋನ್’ ಎಂದೋ ‘ಸಿಲಾಕ್ಸೇನ್’ ಎಂದೋ ಮುಗಿದಿದ್ದರೆ ಅದು ಸಿಲಿಕೋನೆಂದು ತಿಳಿಯಬಹುದು. ಡೈಮೆಥಿಕೋನ್ ಎಂಬುದು ಸಾಮಾನ್ಯವಾದದ್ದು. ಚೆನ್ನಾಗಿ ಹೊದೆಯುತ್ತದೆ, ಬರಿಯ ನೀರಿಗೆ ಹೋಗುವುದಿಲ್ಲ, ಷಾಂಪೂವಿಗೆ ಹೋಗುತ್ತದೆ. ಅಮೊಡೈಮೆಥಿಕೋನ್ ಎಂಬುದಕ್ಕೆ ಧನ ವಿದ್ಯುದಂಶವಿದೆ. ಹಾಳಾದ ಕೂದಲಿನ ಮೇಲೆ ಋಣ ಅಂಶ ಹೆಚ್ಚು. ಆದ್ದರಿಂದ ಅದು ಸವೆದ ಜಾಗವನ್ನೇ ಹುಡುಕಿ ಹಿಡಿಯುತ್ತದೆ. ರಾಸಾಯನಿಕ ಹಾಕಿಸಿಕೊಂಡ ಕೂದಲಿಗೆ ಇದು ಅನುಕೂಲ. ಸೈಕ್ಲೊಪೆಂಟಸಿಲಾಕ್ಸೇನ್ ಎಂಬುದು ಉಳಿದವುಗಳನ್ನು ಸಮವಾಗಿ ಹರಡಿ ತಾನು ಆರಿಹೋಗುತ್ತದೆ. ಈ ಕೊನೆಯದು ನೀರಿಗೆ ಸೇರಿದರೆ ಬಹುಕಾಲ ಕರಗದೆ ಉಳಿಯುತ್ತದೆಂಬ ಕಾರಣದಿಂದ, ತೊಳೆದು ಬಿಡುವಂಥ ಸೌಂದರ್ಯಸಾಧನಗಳಲ್ಲಿ ಇದರ ಪ್ರಮಾಣವನ್ನು ಯೂರೋಪಿನ ಒಕ್ಕೂಟ 2020ರ ಜನವರಿ 31ರ ನಂತರ ನೂರಕ್ಕೆ 0.1ಕ್ಕಿಂತ ಕೆಳಗೆ ಕಟ್ಟಿಹಾಕಿದೆ. ಸಿಲಿಕೋನಿನ ಮೇಲಿರುವ ನ್ಯಾಯವಾದ ದೂರು ಇದು. ‘ಉಸಿರು ಕಟ್ಟುತ್ತದೆ’ ಎಂಬುದಲ್ಲ. ಇನ್ನೊಂದು ದೂರಿನಲ್ಲಿಯೂ ಹುರುಳಿದೆ. ದಿನವೂ ಹಚ್ಚಿ, ಸರಿಯಾಗಿ ತೊಳೆಯದಿದ್ದರೆ ಪದರದ ಮೇಲೆ ಪದರ ಕೂತು ಕೂದಲು ಸಪ್ಪೆಯಾಗಿ ಜೋಲುತ್ತದೆ. ಎರಡು ಮೂರು ವಾರಕ್ಕೊಮ್ಮೆ ಸಿಲಿಕೋನಿಲ್ಲದ ಷಾಂಪೂವಿನಿಂದ ಚೆನ್ನಾಗಿ ತೊಳೆದರೆ ಇದು ಹೋಗುತ್ತದೆ.

ಹೀಗೆ ನೋಡಿದರೆ ಇವೆರಡೂ ಒಂದರ ಕೆಲಸವನ್ನು ಇನ್ನೊಂದು ಕಸಿಯುವುದಿಲ್ಲ. ಎಣ್ಣೆ ಸ್ನಾನಕ್ಕೆ ಮುಂಚಿನದು, ಸಿಲಿಕೋನು ಸ್ನಾನಕ್ಕೆ ನಂತರದ್ದು. ಒಣಗಿದ ಕೂದಲಿಗೆ ವಾರದಲ್ಲಿ ಒಂದೆರಡು ಸಲ ಅನುಸರಿಸಬಹುದಾದ ಕ್ರಮವನ್ನು ಹೇಳುತ್ತೇನೆ.

ಮೊದಲು, ಒಣಗಿರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಿ. ತುದಿಯಿಂದ ಆರಂಭಿಸಿ ಮೇಲಕ್ಕೆ ಬರಬೇಕು; ಬುಡದಿಂದ ಎಳೆದರೆ ಗಂಟು ಕೆಳಗೆ ಹೋಗಿ ಬಿಗಿಯುತ್ತದೆ. ಆಮೇಲೆ ಕೊಬ್ಬರಿ ಎಣ್ಣೆ ಸವರಿ ಜಡೆ ಹೆಣೆದು ಬಿಡಿ. ಸ್ನಾನಕ್ಕೆ ನೀರು ಉಗುರುಬೆಚ್ಚಗಿರಲಿ. ಷಾಂಪೂವನ್ನೋ ನುಣ್ಣಗೆ ಜರಡಿ ಹಿಡಿದ ಸೀಗೆಪುಡಿಯನ್ನೋ ನೆತ್ತಿಗೆ ಮಾತ್ರ ಹಾಕಿ ತಿಕ್ಕಿ. ಕೆಳಗೆ ಹರಿಯುವ ನೊರೆಯೇ ಉದ್ದಕ್ಕೆ ಸಾಕು. ತರಿಯಾದ ಪುಡಿಯನ್ನು ಹಾಕಿ ಜಡೆಯನ್ನು ಬಟ್ಟೆಯಂತೆ ಕಸಕುವುದು ಬೇಡ. ಬಳಿಕ ಕಂಡೀಷನರನ್ನು ಕಿವಿಯಿಂದ ಕೆಳಗಿನ ಕೂದಲಿಗೆ ಹಚ್ಚಿ, ಎರಡು ನಿಮಿಷ ಬಿಟ್ಟು ತೊಳೆಯಿರಿ. ಕಂಡೀಷನರಾಗಲಿ ಎಣ್ಣೆಯಾಗಲಿ ಬಚ್ಚಲ ಕಲ್ಲಿನ ಮೇಲೆ ಬಿದ್ದರೆ ಬಹಳ ಜಾರುತ್ತದೆ. ವಯಸ್ಸಾದವರು ಸ್ನಾನಕ್ಕೆ ಹೋಗುವ ಮೊದಲು ಬಿಸಿನೀರು ಹಾಕಿ ಉಜ್ಜಿಬಿಡುವುದನ್ನು ಮರೆಯಬೇಡಿ. ಹಳೆಯ ಹತ್ತಿ ಪಂಚೆಯಿಂದ ಒತ್ತಿ ನೀರು ಇಂಗಿಸಿ, ತಿಕ್ಕಬೇಡಿ. ಕೂದಲು ಮುಕ್ಕಾಲು ಆರಿದ ಮೇಲೆ ಸೀರಂ ಎರಡು ಮೂರು ತೊಟ್ಟು ಅಂಗೈಯಲ್ಲಿ ಹರಡಿಕೊಂಡು ತುದಿಗಳಿಗೆ ಸವರಿ. ಸೀರಂ ಕೊಳ್ಳಲು ಮನಸ್ಸಿಲ್ಲದವರು ಅದೇ ಕೊಬ್ಬರಿ ಎಣ್ಣೆಯನ್ನು ಒಂದೆರಡು ತೊಟ್ಟು ಹಚ್ಚಿದರೂ ಸಾಗುತ್ತದೆ. ಹೊಳಪು ಸ್ವಲ್ಪ ಕಡಿಮೆ, ಖರ್ಚು ಬಹಳ ಕಡಿಮೆ. ಇಸ್ತ್ರಿಯನ್ನು ಹಬ್ಬ, ಮದುವೆಗಳಿಗೆ ಮೀಸಲಿಡಿ. ಆಗಲೂ ಕೂದಲು ಪೂರ್ತಿ ಆರಿರಲಿ, ಶಾಖ ಕಡಿಮೆಯಿರಲಿ.

ಸೀಳಿದ ತುದಿಗೆ ಮಾತ್ರ ಎಣ್ಣೆಯೂ ಇಲ್ಲ, ಸಿಲಿಕೋನೂ ಇಲ್ಲ. ಅದಕ್ಕಿರುವ ಔಷಧಿ ಕತ್ತರಿಯೊಂದೇ. ಮೂರು ತಿಂಗಳಿಗೊಮ್ಮೆ ಒಂದು ಸೆಂಟಿಮೀಟರು ತೆಗೆದರೆ ಸೀಳು ಮೇಲಕ್ಕೇರುವುದು ನಿಲ್ಲುತ್ತದೆ. ಬೆಳೆದದ್ದರಲ್ಲಿ ಮೂರನೆಯ ಒಂದು ಪಾಲು ಹೋಯಿತಲ್ಲ ಎಂದು ಮರುಗಬೇಕಾಗಿಲ್ಲ. ಉಳಿದ ಎರಡು ಪಾಲು ಗಟ್ಟಿಯಾಗಿ ಉಳಿಯುತ್ತದೆ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡಿ. ತುಂಡು ತುಂಡಾಗಿದ್ದು ಎರಡು ಕೊನೆಯೂ ಬರಿದಾಗಿದ್ದರೆ ಅದು ಮುರಿದ ಕೂದಲು. ಇಲ್ಲಿಯವರೆಗೆ ಹೇಳಿದ್ದೆಲ್ಲ ಅದಕ್ಕೆ ಅನ್ವಯಿಸುತ್ತದೆ. ಉದ್ದವಾಗಿದ್ದು, ಒಂದು ಕೊನೆಯಲ್ಲಿ ಬಿಳಿಯ ಸಣ್ಣ ಬಿಂದುವಿದ್ದರೆ ಅದು ಬುಡದಿಂದ ಉದುರಿದ ಕೂದಲು. ದಿನಕ್ಕೆ 50ರಿಂದ 100ರವರೆಗೆ ಹೀಗೆ ಉದುರುವುದು ಸಹಜ. ಇದಕ್ಕಿಂತ ಬಹಳ ಹೆಚ್ಚಾಗಿ, ಹಿಡಿ ಹಿಡಿಯಾಗಿ ಬರುತ್ತಿದ್ದರೆ ಕಾರಣ ಶೀಶೆಯಲ್ಲಿಲ್ಲ, ಮೈಯಲ್ಲಿದೆ. ಟೈಫಾಯಿಡ್ ಮುಂತಾದ ದೊಡ್ಡ ಜ್ವರ ಬಿಟ್ಟ ಎರಡು ಮೂರು ತಿಂಗಳಿಗೆ, ಬಾಣಂತನದ ನಂತರ, ಹೀಗಾಗುವುದುಂಟು. ಅದು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನೇ ಸರಿಹೋಗುತ್ತದೆ. ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಾದಾಗಲೂ, ಥೈರಾಯ್ಡ್ ಗ್ರಂಥಿ ಕೆಟ್ಟಾಗಲೂ ಕೂದಲು ಉದುರುತ್ತದೆ. ಕೂದಲು ತಾನಾಗಿ ಒರಟಾಗಿ ಒಣಗುವುದೂ ಥೈರಾಯ್ಡಿನ ಒಂದು ಲಕ್ಷಣ. ಆಯಾಸ, ಮುಖ ಬಿಳಿಚಿಕೊಳ್ಳುವುದು, ಮುಟ್ಟಿನಲ್ಲಿ ಹೆಚ್ಚು ಸ್ರಾವ, ಕಾರಣವಿಲ್ಲದೆ ಮೈ ದಪ್ಪವಾಗುವುದು ಇವುಗಳ ಜೊತೆಗೆ ಕೂದಲು ಉದುರುತ್ತಿದ್ದರೆ, ಅಥವಾ ನಾಣ್ಯದಗಲದ ಬೋಳು ಮಚ್ಚೆ ಕಂಡರೆ, ಹೊಸ ಎಣ್ಣೆಯನ್ನು ಹುಡುಕುತ್ತ ಕೂರದೆ ವೈದ್ಯರನ್ನು ಕಾಣಬೇಕು. ಒಂದು ಸಣ್ಣ ರಕ್ತಪರೀಕ್ಷೆಯಿಂದ ತಿಳಿಯುವ ವಿಷಯವನ್ನು ಹತ್ತು ಶೀಶೆಗಳು ತಿಳಿಸಲಾರವು.

ಅಜ್ಜಿಯ ಮಾತು ಸರಿ, ಸ್ನಾನಕ್ಕೆ ಮುಂಚೆ. ಮೊಮ್ಮಗಳ ಮಾತು ಸರಿ, ಸ್ನಾನವಾದ ಮೇಲೆ. ಇಬ್ಬರೂ ಒಂದು ಭಾನುವಾರ ಜೊತೆಯಲ್ಲಿ ಕೂತು, ಒಬ್ಬರು ಎಣ್ಣೆ ಸವರಿ, ಇನ್ನೊಬ್ಬರು ಚೀಟಿ ಓದಿ ಹೇಳಿದರೆ ಜಗಳಕ್ಕೆ ಎಡೆಯಿಲ್ಲ. ಬಾಚಣಿಗೆಯ ಮೇಲೆ ಮಾತ್ರ ತಾಯಿ ಒಂದು ಕಣ್ಣಿಟ್ಟಿರಲಿ.